ಸಹಿ ಬಿದ್ದ ಮಾತ್ರಕ್ಕೆ ಗಸ್ತು ಆಯಿತೇ?

(ಬಾಗಲಕೋಟೆಯ ನವನಗರದಲ್ಲಿ ನಿವಾಸಿಗಳು ಮತ್ತು ಕಾನೂನು ವಿದ್ಯಾರ್ಥಿಗಳ ಸಭೆಯಲ್ಲಿ ನಿವೃತ್ತ ಪೊಲೀಸ್ ಅಧಿಕಾರಿಯೊಬ್ಬರು ಮಾಡಿದ ಉಪನ್ಯಾಸದ ಬರಹ ರೂಪ)

ಬ್ಯಾಂಕಿನ ಬಾಗಿಲು, ಎಟಿಎಂ, ಗುಡಿಯ ಕಟ್ಟೆ, ಸರಾಫರ ಅಂಗಡಿ ಸಾಲು, ಇಂಥ ಕಡೆಗಳಲ್ಲಿ ಒಂದು ಪುಸ್ತಕ ಇಟ್ಟಿರುತ್ತಿದ್ದರು. ನಾವು ಅದನ್ನು ಪಾಯಿಂಟ್ ಬುಕ್ ಎನ್ನುತ್ತೇವೆ. ರಾತ್ರಿ ಬೀಟಿನ (ಗಸ್ತಿಗೆ ಹಂಚಿಕೊಟ್ಟ ಪ್ರದೇಶದ) ಕಾನ್‌ಸ್ಟೆಬಲ್ ಅಲ್ಲಿಗೆ ಬಂದು ವೇಳೆ ಬರೆದು ಸಹಿ ಹಾಕಬೇಕು. ರೌಂಡ್ಸಿಗೆ ಬಂದ ಅಧಿಕಾರಿ ಅದರ ಕೆಳಗೆ ತನ್ನ ಸಹಿ ಹಾಕಬೇಕು. ಈಗ ಹಲವು ಠಾಣೆಗಳಲ್ಲಿ ಪುಸ್ತಕದ ಜಾಗಕ್ಕೆ ಇ-ಬೀಟ್ ಬಂದಿದೆ. ಗೋಡೆಯ ಮೇಲಿನ ಗುರುತನ್ನು ಮೊಬೈಲಿನಲ್ಲಿ ಸ್ಕ್ಯಾನ್ ಮಾಡಿದರೆ ಸಾಕು, ಬಂದ ವೇಳೆ ತಾನೇ ದಾಖಲಾಗುತ್ತದೆ.

ಎರಡೂ ಹೇಳುವುದು ಒಂದೇ ಸಂಗತಿ: ಈ ಮನುಷ್ಯ ರಾತ್ರಿ ಎರಡು ಗಂಟೆಗೆ ಈ ಬಾಗಿಲ ಮುಂದೆ ನಿಂತಿದ್ದ. ಕಟ್ಟಡದ ಹಿಂದೆ ಹೋಗಿ ಕಿಟಕಿಯ ಸರಳು ನೋಡಿದನೇ, ನಿನ್ನೆ ಉರಿಯುತ್ತಿದ್ದ ಬೀದಿದೀಪ ಇಂದು ಏಕೆ ಆರಿದೆ ಎಂದು ಯೋಚಿಸಿದನೇ, ಅದು ಸಹಿಯಲ್ಲಿ ಇರುವುದಿಲ್ಲ. ಇವತ್ತು ನಾನು ಮಾತನಾಡುವುದು ಆ ಸಹಿಗೂ ಆ ನೋಟಕ್ಕೂ ನಡುವಿನ ಅಂತರದ ಬಗ್ಗೆ. ಆ ಅಂತರ ಹೆಚ್ಚಾದರೆ ಜನ ಕಾನ್‌ಸ್ಟೆಬಲನ್ನು ಬೈಯುತ್ತಾರೆ. ನನ್ನ ಮಟ್ಟಿಗೆ ಬೈಗುಳದ ಮುಕ್ಕಾಲು ಪಾಲು ಮೇಲ್ವಿಚಾರಣೆ ಮಾಡಬೇಕಾದವರಿಗೆ ಸೇರಬೇಕು. ನಾನೂ ಆ ಕುರ್ಚಿಯಲ್ಲಿ ಕುಳಿತವನೇ ಆದ್ದರಿಂದ ಧೈರ್ಯವಾಗಿ ಹೇಳುತ್ತೇನೆ.

ಪಕ್ಕದ ವಿಜಯಪುರ ಜಿಲ್ಲೆಯ ಮನಗೂಳಿಯಲ್ಲಿ 2025ರ ಮೇ ತಿಂಗಳಲ್ಲಿ ಬ್ಯಾಂಕ್ ಶಾಖೆಯೊಂದರಿಂದ ಸುಮಾರು 59 ಕಿಲೋ ಚಿನ್ನ ಕಳವಾದದ್ದು ನಿಮಗೆಲ್ಲ ನೆನಪಿದೆ. ನಡೆದದ್ದು ವಾರಾಂತ್ಯದ ರಜೆಯಲ್ಲಿ. ತನಿಖೆ ಮಾಡಿದ ಪೊಲೀಸರು ಆರೋಪಿಗಳನ್ನು ಹಿಡಿದರು, ಆ ಶಾಖೆಯಲ್ಲಿ ಹಿಂದೆ ವ್ಯವಸ್ಥಾಪಕನಾಗಿದ್ದವನೂ ಅವರಲ್ಲಿದ್ದ. ಅಲ್ಲಿ ಯಾರ ಲೋಪ ಎಷ್ಟು ಎಂದು ತೂಗುವುದು ನನ್ನ ಕೆಲಸವಲ್ಲ. ಆದರೆ ಗಸ್ತು ಹಾಕುವವರು ಆ ಪ್ರಕರಣದಿಂದ ಒಂದು ವಿಷಯ ಎತ್ತಿಕೊಳ್ಳಬೇಕು. ಅದು ಮೇ ತಿಂಗಳ ನಾಲ್ಕನೆಯ ಶನಿವಾರ. ಬ್ಯಾಂಕುಗಳಿಗೆ ತಿಂಗಳ ಎರಡನೆಯ ಮತ್ತು ನಾಲ್ಕನೆಯ ಶನಿವಾರ ರಜೆ, ಮರುದಿನ ಭಾನುವಾರ. ಬ್ಯಾಂಕಿನ ಕೆಲಸ ಬಲ್ಲ ಕಳ್ಳನಿಗೆ ಈ ಕ್ಯಾಲೆಂಡರ್ ಬಾಯಿಪಾಠ. ನಮ್ಮ ಬೀಟಿನ ಪಟ್ಟಿ ಮಾತ್ರ ವಾರದ ಏಳೂ ದಿನ ಒಂದೇ ರೀತಿ ಇರುತ್ತದೆ. ಇರಬಾರದು. ಯಾವ ರಾತ್ರಿ ಯಾವ ಬಾಗಿಲು ಹೆಚ್ಚು ಹೊತ್ತು ಮುಚ್ಚಿರುತ್ತದೆ ಎಂದು ನೋಡಿ ಪಟ್ಟಿ ಬದಲಿಸುವುದು ಪಿಎಸ್ಐ ಮಾಡಬೇಕಾದ ಕೆಲಸ.

ಕಾನೂನು ಏನು ಹೇಳುತ್ತದೆ ಎಂಬುದನ್ನು ವಿದ್ಯಾರ್ಥಿಗಳಿಗಾಗಿ ಚಿಕ್ಕದಾಗಿ ಹೇಳುತ್ತೇನೆ. 2024ರ ಜುಲೈ 1ರಿಂದ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ ಜಾಗದಲ್ಲಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಇದೆ. ಅದರ 168ನೆಯ ಕಲಮಿನ ಪ್ರಕಾರ ಪ್ರತಿಯೊಬ್ಬ ಪೊಲೀಸ್ ಅಧಿಕಾರಿಯೂ ಸಂಜ್ಞೇಯ ಅಪರಾಧ (ವಾರಂಟ್ ಇಲ್ಲದೆ ಪೊಲೀಸರು ಬಂಧಿಸಬಹುದಾದ ಅಪರಾಧ) ನಡೆಯದಂತೆ ನಡುವೆ ಪ್ರವೇಶಿಸಬಹುದು ಮತ್ತು ತನ್ನ ಶಕ್ತಿ ಇರುವಷ್ಟು ಅದನ್ನು ತಡೆಯಲೇಬೇಕು. ‘ಪ್ರತಿಯೊಬ್ಬ’ ಎಂದರೆ ಕಾನ್‌ಸ್ಟೆಬಲ್ ಕೂಡ. 169ರ ಪ್ರಕಾರ ಅಪರಾಧದ ಸಂಚಿನ ಸುಳಿವು ಸಿಕ್ಕರೆ ಮೇಲಧಿಕಾರಿಗೆ ತಿಳಿಸಬೇಕು. ಬೇರೆ ದಾರಿಯಿಂದ ತಡೆಯಲು ಆಗದಿದ್ದರೆ 170ರ ಅಡಿ ಬಂಧಿಸಬಹುದು, ಆದರೆ ಇಪ್ಪತ್ನಾಲ್ಕು ಗಂಟೆ ಮೀರಿ ಇರಿಸಿಕೊಳ್ಳುವಂತಿಲ್ಲ. ತಡೆ, ತಿಳಿಸು, ಅನಿವಾರ್ಯವಾದರೆ ಹಿಡಿ. ಗಸ್ತಿನವನ ಕೆಲಸದ ಅನುಕ್ರಮವೂ ಇದೇ. ನಮ್ಮಲ್ಲಿ ಕೆಲವರು ಮೂರನೆಯದರಿಂದ ಶುರು ಮಾಡುತ್ತಾರೆ.

ಮುಂಬೈ ಪ್ರಾಂತ್ಯದ ಕಾಲದಲ್ಲಿ ನಮ್ಮ ಊರುಗಳಲ್ಲಿ ಪೊಲೀಸ್ ಪಾಟೀಲನಿದ್ದ. 1867ರ ಮುಂಬೈ ಗ್ರಾಮ ಪೊಲೀಸ್ ಕಾಯ್ದೆಯ ಪ್ರಕಾರ ಊರಿನ ಶಾಂತಿಗೆ ಅವನೇ ಹೊಣೆ. ಅವನ ಕೈಕೆಳಗೆ ಊರು ಕಾಯುವ ತಳವಾರ, ವಾಲೀಕಾರ. ಈಗ ಅವು ಅಡ್ಡಹೆಸರುಗಳಾಗಿ ಉಳಿದಿವೆ. ಈ ಸಭೆಯಲ್ಲೇ ನಾಲ್ಕಾರು ಜನ ಇರಬಹುದು. ಆ ವ್ಯವಸ್ಥೆಯನ್ನು ಹೊಗಳಲು ನಾನು ತಯಾರಿಲ್ಲ, ಅದರಲ್ಲಿ ಜಾತಿಯ ದಬ್ಬಾಳಿಕೆ ಬೇಕಾದಷ್ಟಿತ್ತು. ಆದರೆ ತಳವಾರನಿಗೆ ಊರಿನ ನಾಯಿಗಳ ಬೊಗಳುವಿಕೆಯಲ್ಲೂ ವ್ಯತ್ಯಾಸ ತಿಳಿಯುತ್ತಿತ್ತು. ವರ್ಗವಾಗಿ ಬಂದ ಕಾನ್‌ಸ್ಟೆಬಲ್‌ಗೆ ನವನಗರದ ಒಂದು ಸೆಕ್ಟರಿಗೂ ಇನ್ನೊಂದಕ್ಕೂ ವ್ಯತ್ಯಾಸ ತಿಳಿಯಲೇ ಕೆಲವು ತಿಂಗಳು ಬೇಕು. ಇಲ್ಲಿನ ರಸ್ತೆಗಳೆಲ್ಲ ಅಳೆದು ಹಾಕಿದಂತಿವೆ, ರಾತ್ರಿ ಯಾವ ತಿರುವೂ ಒಂದೇ. ಆಲಮಟ್ಟಿಯ ಹಿನ್ನೀರಿನಲ್ಲಿ ಮನೆ ಕಳೆದುಕೊಂಡವರಿಗಾಗಿ ಕಟ್ಟಿದ ಊರು, ತಪ್ಪು ನಿಮ್ಮದಲ್ಲ ಬಿಡಿ.

2017ರಲ್ಲಿ ರಾಜ್ಯದಲ್ಲಿ ಸುಧಾರಿತ ಬೀಟ್ ವ್ಯವಸ್ಥೆ ಬಂತು. ಅದಕ್ಕೆ ಮೊದಲು ಠಾಣೆಯ ಕೆಲವೇ ಸಿಬ್ಬಂದಿಗೆ ಬೀಟ್ ಇರುತ್ತಿತ್ತು. ಆಮೇಲೆ ಹೆಚ್ಚುಕಡಿಮೆ ಎಲ್ಲ ಕಾನ್‌ಸ್ಟೆಬಲ್, ಹೆಡ್ ಕಾನ್‌ಸ್ಟೆಬಲ್‌ಗಳಿಗೂ ತಮ್ಮದೆಂದು ಒಂದು ಪ್ರದೇಶ ಸಿಕ್ಕಿತು. ಅಲ್ಲಿನ ನಾಗರಿಕರನ್ನು ಬೀಟಿನ ಸದಸ್ಯರನ್ನಾಗಿ ಮಾಡಿಕೊಳ್ಳಬೇಕು ಎಂದಾಯಿತು. 2025ರಲ್ಲಿ ‘ಮನೆ ಮನೆಗೆ ಪೊಲೀಸ್’ ಬಂದಿದೆ, ಸಿಬ್ಬಂದಿ ನಿಮ್ಮ ಬಾಗಿಲಿಗೇ ಬಂದು ಪರಿಚಯ ಮಾಡಿಕೊಳ್ಳಬೇಕೆಂಬ ಯೋಜನೆ. ಎರಡರ ಉದ್ದೇಶವೂ ಚೆನ್ನಾಗಿದೆ. ಬಂದ ಕಾನ್‌ಸ್ಟೆಬಲ್ ಫೋಟೊ ತೆಗೆದು ಠಾಣೆಯ ಮೊಬೈಲ್ ಗುಂಪಿಗೆ ಹಾಕಿ ಹೊರಟರೆ ಅದೂ ಒಂದು ಸಹಿ, ಅಷ್ಟೇ.

ಇನ್ನು ಜೀಪಿನಲ್ಲಿ ಸುಮ್ಮನೆ ಸುತ್ತುವುದರಿಂದ ಅಪರಾಧ ಕಡಿಮೆಯಾಗುತ್ತದೆಯೇ? ಅಮೆರಿಕದ ಕಾನ್ಸಾಸ್ ಸಿಟಿಯಲ್ಲಿ 1972–73ರಲ್ಲಿ ಇದನ್ನೇ ಪರೀಕ್ಷೆ ಮಾಡಿ ನೋಡಿದರು. ಹದಿನೈದು ಬೀಟುಗಳನ್ನು ಮೂರು ಗುಂಪು ಮಾಡಿದರು. ಒಂದು ಗುಂಪಿನಲ್ಲಿ ಎಂದಿನ ಗಸ್ತು, ಇನ್ನೊಂದರಲ್ಲಿ ಎರಡು ಮೂರು ಪಟ್ಟು ಹೆಚ್ಚು, ಮತ್ತೊಂದರಲ್ಲಿ ಕರೆ ಬಂದರೆ ಮಾತ್ರ ಕಾರು ಹೋಗಬೇಕು. ವರ್ಷದ ಕೊನೆಗೆ ಮೂರೂ ಕಡೆ ಅಪರಾಧದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಗಸ್ತು ಹೆಚ್ಚಾದದ್ದೋ ಕಡಿಮೆಯಾದದ್ದೋ ಜನರ ಗಮನಕ್ಕೂ ಬಂದಿರಲಿಲ್ಲ. ಅದೇ ದೇಶದ ನ್ಯೂವಾರ್ಕ್ ನಗರದಲ್ಲಿ ಆ ದಶಕದ ಕೊನೆಗೆ ಪೊಲೀಸರನ್ನು ಕಾರಿನಿಂದ ಇಳಿಸಿ ನಡೆಸಿದರು. ಅಲ್ಲಿ ಅಪರಾಧ ಅಷ್ಟೇನೂ ಇಳಿಯಲಿಲ್ಲ, ಜನರ ಭಯ ಮಾತ್ರ ಇಳಿಯಿತು. ಬಳಿಕ ಮಿನಿಯಾಪೊಲಿಸ್‌ನಲ್ಲಿ ಮತ್ತೊಂದು ಹೆಜ್ಜೆ: ಅಪರಾಧ ಮರುಕಳಿಸುವ ಕೆಲವೇ ಮೂಲೆಗಳನ್ನು ಗುರುತಿಸಿ ಅಲ್ಲಿ ಪೊಲೀಸರನ್ನು ಹೆಚ್ಚಿಸಿದರು, ಅಲ್ಲಿ ಪರಿಣಾಮ ಕಂಡಿತು. ಆ ಅಂಕಿಗಳನ್ನು ಇಟ್ಟುಕೊಂಡು 1995ರಲ್ಲಿ ಕ್ರಿಸ್ಟೋಫರ್ ಕೋಪರ್ ಎಂಬ ಸಂಶೋಧಕ ಹೇಳಿದ್ದೇನೆಂದರೆ, ಅಂಥ ಮೂಲೆಯಲ್ಲಿ 10ರಿಂದ 15 ನಿಮಿಷ ನಿಂತು ಹೋದರೆ ಪೊಲೀಸರು ಹೋದ ಮೇಲೂ ಸ್ವಲ್ಪ ಹೊತ್ತು ಜಾಗ ಶಾಂತವಾಗಿರುತ್ತದೆ. ಅದಕ್ಕಿಂತ ಹೆಚ್ಚು ನಿಂತರೆ ಹೆಚ್ಚುವರಿ ಲಾಭವೇನಿಲ್ಲ.

ಅವರ ಊರು ಬೇರೆ, ನಮ್ಮ ಊರು ಬೇರೆ, ಒಪ್ಪುತ್ತೇನೆ. ಆದರೆ ಈ ಹದಿನೈದು ನಿಮಿಷದ ಲೆಕ್ಕ ಬಾಗಲಕೋಟೆಗೆ ಚೆನ್ನಾಗಿ ಹೊಂದುತ್ತದೆ. ಬಸ್ ನಿಲ್ದಾಣದಲ್ಲಿ ನಸುಕಿನ ಮೊದಲ ಬಸ್ಸುಗಳ ಹೊತ್ತು, ಹಳೇ ಊರಿನ ಸರಾಫ ಅಂಗಡಿಗಳು ಮುಚ್ಚುವ ಹೊತ್ತು, ಸಂತೆಯ ದಿನ ಸಂಜೆ ದುಡ್ಡು ಎಣಿಸಿಕೊಂಡು ಮನೆಗೆ ಹೊರಡುವ ಹೊತ್ತು. ಜೀಪು ನಿಲ್ಲಿಸಿ, ಇಳಿದು, ಚಹಾದ ಅಂಗಡಿಯವನ ಜೊತೆ ನಾಲ್ಕು ಮಾತಾಡಿ ಮುಂದೆ ಹೋಗಿ. ಚಹಾದ ದುಡ್ಡು ಕೊಟ್ಟು ಹೋಗಿ! ಇದು ತಮಾಷೆಯ ಮಾತಲ್ಲ. ಪುಕ್ಕಟೆ ಚಹಾ ಕುಡಿದವನಿಗೆ ಅಂಗಡಿಯವನು ಊರಿನ ಸುದ್ದಿ ಹೇಳುವುದಿಲ್ಲ.

ನಮ್ಮ ಭಾಗದ ಗಸ್ತಿನಲ್ಲಿ ಜೀವ ಉಳಿಸುವ ಅವಕಾಶ ಎಲ್ಲಕ್ಕಿಂತ ಹೆಚ್ಚಿರುವುದು ಕಬ್ಬಿನ ರಸ್ತೆಯಲ್ಲಿ. ಮುಧೋಳ, ಜಮಖಂಡಿ, ಬೀಳಗಿ ಕಡೆ ಕಾರ್ಖಾನೆ ಶುರುವಾದರೆ ರಾತ್ರಿಯಿಡೀ ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರುಗಳ ಸಾಲು. ಹಿಂದಿನ ಟ್ರೇಲರಿಗೆ ದೀಪವಿಲ್ಲ, ಇದ್ದ ರಿಫ್ಲೆಕ್ಟರ್ ಮೇಲೆ ಕಬ್ಬಿನ ರವದಿ (ಒಣ ಎಲೆ) ಇಳಿಬಿದ್ದಿರುತ್ತದೆ. ಟೈರು ಪಂಕ್ಚರ್ ಆದರೆ ಚಾಲಕ ಗಾಡಿಯನ್ನು ರಸ್ತೆಯಲ್ಲೇ ಬಿಟ್ಟು ಹಿಂದೆ ಮುಂದೆ ಕಲ್ಲು ಇಡುತ್ತಾನೆ, ಒಂದು ಗಿಡದ ಟೊಂಗೆ ಮುರಿದು ಹಾಕುತ್ತಾನೆ. ಟೈರು ಸರಿಯಾದ ಮೇಲೆ ಗಾಡಿ ಹೋಗುತ್ತದೆ, ಕಲ್ಲು ಅಲ್ಲೇ ಉಳಿಯುತ್ತದೆ. ಬೆಳಗಿನ ಜಾವ ಬೈಕಿನಲ್ಲಿ ಬರುವ ಹುಡುಗನಿಗೆ ಆ ಕಲ್ಲು ಕಾಣುವಷ್ಟರಲ್ಲಿ ತಡವಾಗಿರುತ್ತದೆ.

ಹಾಗಾಗಿ ಹೆದ್ದಾರಿ ಗಸ್ತಿನವರಿಗೆ ನಾನು ಹೇಳುತ್ತಿದ್ದ ಕ್ರಮ ಇದು: ನಿಂತ ಟ್ರೇಲರ್ ಕಂಡರೆ ನಿಮ್ಮ ವಾಹನವನ್ನು ಅದರ ಹಿಂದೆ ಸಾಕಷ್ಟು ದೂರದಲ್ಲಿ, ಮೇಲಿನ ದೀಪ ಉರಿಸಿ ನಿಲ್ಲಿಸಿ. ಒಬ್ಬ ಹಿಂದಕ್ಕೆ ನಡೆದು ಬರುವ ವಾಹನಗಳಿಗೆ ಟಾರ್ಚ್ ತೋರಿಸಲಿ, ಇನ್ನೊಬ್ಬ ಚಾಲಕನನ್ನು ಎಬ್ಬಿಸಲಿ. ಅವನು ಗಾಡಿಯ ಅಡಿಯಲ್ಲೇ ಮಲಗಿರುವುದುಂಟು. ಬೇರೆ ಟ್ರ್ಯಾಕ್ಟರ್ ತಡೆದು ಎಳೆಸಿ ಗಾಡಿಯನ್ನು ಪಕ್ಕಕ್ಕೆ ಹಾಕಿಸಿ. ಕೊನೆಗೆ ಕಲ್ಲುಗಳನ್ನು ನೀವೇ ಎತ್ತಿ ಹಾಕಿ. ದಂಡದ ರಸೀದಿ ಆಮೇಲೆ. ಕಲ್ಲು ಎತ್ತಿದ್ದಕ್ಕೆ ಯಾವ ಪುಸ್ತಕದಲ್ಲೂ ಅಂಕಣವಿಲ್ಲ, ದಂಡಕ್ಕೆ ಇದೆ. ಮೇಲಿನವನು ಅಂಕಣ ನೋಡಿಯೇ ಕೆಲಸ ಅಳೆದರೆ ಕೆಳಗಿನವನು ಕಲ್ಲು ಬಿಟ್ಟು ರಸೀದಿ ಬರೆಯುತ್ತಾನೆ. ಅವನನ್ನು ದೂರುವುದು ಹೇಗೆ?

ಅಪಘಾತವೇ ಆಗಿಬಿಟ್ಟಿದ್ದರೆ ಗಾಯಾಳು ಮೊದಲು, ಉಳಿದದ್ದೆಲ್ಲ ಆಮೇಲೆ. ಆಸ್ಪತ್ರೆಗೆ ಸಾಗಿಸಿದ ದಾರಿಹೋಕನನ್ನು ಹೆಸರು ಹೇಳು, ಸಾಕ್ಷಿ ಹೇಳು ಎಂದು ಪೀಡಿಸುವಂತಿಲ್ಲ. ಮೋಟಾರು ವಾಹನ ಕಾಯ್ದೆಗೆ 2019ರ ತಿದ್ದುಪಡಿಯಲ್ಲಿ ಸೇರಿಸಿದ 134ಎ ಕಲಮು ಅವನಿಗೆ ರಕ್ಷಣೆ ಕೊಟ್ಟಿದೆ. ಸರಹದ್ದಿನ ಜಗಳವಂತೂ ಬೇಡವೇ ಬೇಡ. ಬಿದ್ದವನು ನಮ್ಮ ಠಾಣೆಯ ಗಡಿಕಲ್ಲಿನ ಆಚೆ ಇದ್ದಾನೋ ಈಚೆ ಇದ್ದಾನೋ ಎಂದು ಟಾರ್ಚ್ ಬಿಟ್ಟು ಹುಡುಕಿದವರನ್ನು ನಾನು ಕಂಡಿದ್ದೇನೆ. ಎಲ್ಲಿ ನಡೆದಿದ್ದರೂ ಮಾಹಿತಿ ದಾಖಲಿಸಿಕೊಳ್ಳಬೇಕು ಎಂದು ಹೊಸ ಸಂಹಿತೆಯ 173ನೆಯ ಕಲಮು ಸ್ಪಷ್ಟವಾಗಿ ಬರೆದಿದೆ.

ವಾಹನ ತಡೆಯುವುದರ ಬಗ್ಗೆ ಒಂದು ಮಾತು. ಎದುರಿಗೆ ನಿಂತು ಕೈ ಅಡ್ಡ ಹಾಕುವುದು ನಮ್ಮಲ್ಲಿ ಶೌರ್ಯ ಎನಿಸಿಕೊಂಡಿದೆ. 2023ರಲ್ಲಿ ಕಲಬುರಗಿ ಜಿಲ್ಲೆಯ ಜೇವರ್ಗಿ ತಾಲ್ಲೂಕಿನಲ್ಲಿ ಅಕ್ರಮ ಮರಳು ತಡೆಯಲು ಹೋದ ಹೆಡ್ ಕಾನ್‌ಸ್ಟೆಬಲ್ ಮೇಲೆ ಟ್ರ್ಯಾಕ್ಟರ್ ಹಾಯಿಸಿ ಕೊಂದರು. ಮರಳು ಗಾಡಿಗೆ ಎಂದೂ ಎದುರು ನಿಲ್ಲಬಾರದು. ನಂಬರು, ಬಣ್ಣ, ಹೋದ ದಿಕ್ಕು, ಇಷ್ಟನ್ನು ವೈರ್‌ಲೆಸ್‌ನಲ್ಲಿ ಮುಂದಿನ ಪಾಯಿಂಟಿಗೆ ಹೇಳಿದರೆ ಅರ್ಧ ಕೆಲಸ ಆಯಿತು. ನಿಂತ ವಾಹನದ ಹತ್ತಿರ ಹೋಗುವಾಗ ಒಬ್ಬ ಮಾತನಾಡಬೇಕು, ಇನ್ನೊಬ್ಬ ಮಾತನಾಡದೆ ಒಳಗಿನವರ ಕೈಗಳನ್ನು ನೋಡುತ್ತಿರಬೇಕು. ಇಬ್ಬರೂ ಮಾತಿಗಿಳಿದರೆ ನೋಡುವವನು ಇಲ್ಲದಂತಾಗುತ್ತದೆ. 2025ರ ಸೆಪ್ಟೆಂಬರಿನಲ್ಲಿ ವಿಜಯಪುರ ಜಿಲ್ಲೆಯ ಚಡಚಣದ ಬ್ಯಾಂಕ್ ದರೋಡೆ ಮಾಡಿದವರು ಮಹಾರಾಷ್ಟ್ರದ ಕಡೆ ಓಡಿದರು. ಅವರ ವಾಹನ ಸೊಲ್ಲಾಪುರ ಜಿಲ್ಲೆಯ ಹುಲಜಂತಿ ಎಂಬ ಹಳ್ಳಿಯಲ್ಲಿ ಸಿಕ್ಕಿತು. ಗಡಿ ದಾಟಲು ಅವರಿಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ನಮ್ಮ ಕಡೆಯ ಜಿಲ್ಲೆಗಳ ಗಸ್ತಿನವರಿಗೆ ಗಡಿಯಾಚೆಯ ಠಾಣೆಯವರ ನಂಬರು ಜೇಬಿನಲ್ಲಿರಬೇಕು; ಬೆಂಗಳೂರು ದಾರಿಯಾಗಿ ಸುದ್ದಿ ಹೋಗುವವರೆಗೆ ಕಾದರೆ ಕೆಲಸ ಕೆಟ್ಟಿತು.

ಈಗ ಸ್ವಲ್ಪ ಕಹಿ ವಿಷಯ. ರಾತ್ರಿ ರಸ್ತೆಯಲ್ಲಿ ಕಂಡ ಯಾರನ್ನು ಅನುಮಾನಿಸಬೇಕು? ಕಬ್ಬು ಕಡಿಯಲು ಬೀಡ್ ಕಡೆಯಿಂದ ಬಂದ ಗ್ಯಾಂಗಿನವರು ಹೊಲದ ಅಂಚಿನಲ್ಲಿ ಗುಡಿಸಲು ಹಾಕಿಕೊಂಡಿರುತ್ತಾರೆ. ಊರಿನಲ್ಲಿ ಒಂದು ಪಂಪ್‌ಸೆಟ್ ಕಳುವಾದರೆ ಎಲ್ಲರ ಬೆರಳೂ ಆ ಗುಡಿಸಲಿನ ಕಡೆ. ಗಸ್ತಿನವರು ಹೋಗಿ ಎಲ್ಲರನ್ನೂ ಎಬ್ಬಿಸಿ ಸಾಲಾಗಿ ನಿಲ್ಲಿಸುವುದು ಸುಲಭ. ಈ ಚಾಳಿಗೆ ಬಹಳ ಹಳೆಯ ಬೇರಿದೆ. ಬ್ರಿಟಿಷರ 1871ರ ಕಾಯ್ದೆ ಕೆಲವು ಸಮುದಾಯಗಳನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ಕರೆಯಿತು. ಹುಬ್ಬಳ್ಳಿ, ಗದಗಗಳಲ್ಲಿ ಇಂದಿಗೂ ‘ಸೆಟ್ಲ್‌ಮೆಂಟ್’ ಎಂದು ಕರೆಯುವ ಬಡಾವಣೆಗಳು ಆ ಕಾಲದವು. ಅಲ್ಲಿದ್ದವರು ಹೊತ್ತು ಹೊತ್ತಿಗೆ ಹಾಜರಿ ಕೊಡಬೇಕಿತ್ತು. ಕಾಯ್ದೆ 1952ರಲ್ಲಿ ರದ್ದಾಯಿತು. ಹಾಜರಿ ತೆಗೆದುಕೊಳ್ಳುವ ಮನಸ್ಸು ಇನ್ನೂ ಕೆಲವು ಠಾಣೆಗಳಲ್ಲಿ ರದ್ದಾಗಿಲ್ಲ.

ನಡತೆ ನೋಡಿ ಅನುಮಾನಿಸಿ, ಬಟ್ಟೆ, ಭಾಷೆ, ಜಾತಿ ನೋಡಿ ಬೇಡ. ಮುಚ್ಚಿದ ಅಂಗಡಿಯ ಬೀಗ ಮುಟ್ಟಿ ನೋಡುವವನು, ಜೀಪು ಕಂಡೊಡನೆ ಕೈಯಲ್ಲಿದ್ದದ್ದನ್ನು ಗಟಾರಕ್ಕೆ ಎಸೆಯುವವನು, ನಂಬರ್ ಪ್ಲೇಟಿಗೆ ಕೆಸರು ಬಳಿದ ಬೈಕು, ಇವು ಕಾರಣಗಳು. ಚೀಲ ಹೊತ್ತು ನಡೆಯುವ ಬಡವ ಕಾರಣವಲ್ಲ. ಆ ಕಬ್ಬಿನ ಗ್ಯಾಂಗಿನ ಮುಕಾದಮನ (ಮುಖ್ಯಸ್ಥನ) ಹೆಸರು, ನಂಬರು ಬೀಟಿನವನಲ್ಲಿ ಮೊದಲೇ ಇದ್ದರೆ ನಡುರಾತ್ರಿ ಯಾರನ್ನೂ ಎಬ್ಬಿಸಬೇಕಾಗಿಲ್ಲ. ಬಂಧನದ ಹಂತಕ್ಕೆ ಬಂದರೆ ನಿಯಮಗಳು ಸ್ಪಷ್ಟವಾಗಿವೆ. ಎದೆಯ ಮೇಲೆ ಹೆಸರಿನ ಫಲಕ ಕಾಣಬೇಕು, ಬಂಧನದ ಮೆಮೊಗೆ ಸಾಕ್ಷಿಯ ಸಹಿ ಬೇಕು, ಮನೆಯವರಿಗೆ ತಿಳಿಸಬೇಕು. ಸುಪ್ರೀಂ ಕೋರ್ಟ್ ಡಿ.ಕೆ. ಬಸು ಪ್ರಕರಣದಲ್ಲಿ 1996ರಲ್ಲೇ ಇದನ್ನು ವಿಧಿಸಿತು. ಸೂರ್ಯಾಸ್ತದಿಂದ ಸೂರ್ಯೋದಯದವರೆಗೆ, ಅಸಾಧಾರಣ ಸಂದರ್ಭ ಬಿಟ್ಟು, ಮಹಿಳೆಯನ್ನು ಬಂಧಿಸುವಂತಿಲ್ಲ. ಅಂಥ ಸಂದರ್ಭದಲ್ಲೂ ಮಹಿಳಾ ಅಧಿಕಾರಿ ಲಿಖಿತ ವರದಿ ಕೊಟ್ಟು ಮ್ಯಾಜಿಸ್ಟ್ರೇಟರ ಪೂರ್ವಾನುಮತಿ ಪಡೆಯಬೇಕು.

112ಕ್ಕೆ ಬರುವ ಕರೆಗಳಲ್ಲಿ ಮನೆಯೊಳಗಿನ ಜಗಳ ಬೇಕಾದಷ್ಟು. ಅಲ್ಲಿ ಹೆಂಡತಿಯನ್ನು ಗಂಡನ ಎದುರಿಗೇ ‘ಏನಾಯಿತಮ್ಮ’ ಎಂದು ಕೇಳಿದರೆ ಅವಳು ಏನೂ ಆಗಿಲ್ಲ ಎನ್ನುತ್ತಾಳೆ. ಬೇರೆ ಕೋಣೆಗೆ ಕರೆದು, ಮಹಿಳಾ ಸಿಬ್ಬಂದಿ ಇದ್ದರೆ ಅವರಿಂದಲೇ ಕೇಳಿಸಿ. ‘ಹೊಂದಿಕೊಂಡು ಹೋಗಿ’ ಎಂಬ ಬುದ್ಧಿವಾದ ಹೇಳಲು ಊರಲ್ಲಿ ಹಿರಿಯರಿದ್ದಾರೆ, ಅದಕ್ಕೆ ಜೀಪು ಬೇಕಾಗಿಲ್ಲ. ಕಳ್ಳತನ ನಡೆದ ಮನೆಗೆ ಮೊದಲು ತಲುಪಿದವರದು ಬಾಗಿಲು ಕಾಯುವ ಕೆಲಸ. ಒಳಗೆ ಹೋಗಲು ಒಂದೇ ದಾರಿ ಗೊತ್ತು ಮಾಡಿ, ಕಪಾಟು ಮುಟ್ಟಬೇಡಿ, ಸಮಾಧಾನ ಹೇಳಲು ಬಂದ ಬೀಗರನ್ನು ಅಂಗಳದಲ್ಲೇ ಕೂಡಿಸಿ. ಶ್ವಾನದಳ ಬರುವಷ್ಟರಲ್ಲಿ ಇಡೀ ಓಣಿ ಅಲ್ಲಿ ತಿರುಗಾಡಿದ್ದರೆ ನಾಯಿ ಪಾಪ ಏನು ಮಾಡೀತು?

ಮೇಲ್ವಿಚಾರಕರ ವಿಷಯಕ್ಕೆ ಬರುತ್ತೇನೆ. ರಾತ್ರಿ ರೋಲ್ ಕಾಲ್‌ನಲ್ಲಿ ಹಾಜರಿ ಕರೆದು, ‘ಎಲ್ಲರೂ ಎಚ್ಚರದಿಂದ ಇರಿ’ ಎಂದು ಕಳುಹಿಸುವ ಪಿಎಸ್ಐ ಏನನ್ನೂ ಹೇಳಿದಂತಾಗಲಿಲ್ಲ. ನಿನ್ನೆ ಯಾವ ಓಣಿಯಲ್ಲಿ ಬೈಕ್ ಹೋಯಿತು, ಯಾರು ಜಾಮೀನಿನ ಮೇಲೆ ಹೊರಬಂದಿದ್ದಾರೆ, ಯಾವ ಮನೆಯವರು ಊರಿಗೆ ಹೋಗಿದ್ದಾರೆ, ಎಲ್ಲಿ ಬೀದಿದೀಪ ಇಲ್ಲ ಎಂದು ಹೇಳಿ ಕಳುಹಿಸಬೇಕು. ಬೆಳಿಗ್ಗೆ ಬಂದವನನ್ನು ‘ಏನೂ ವಿಶೇಷ ಇಲ್ಲವಲ್ಲ?’ ಎಂದು ಕೇಳಬಾರದು. ಆ ಪ್ರಶ್ನೆಯೊಳಗೇ ಉತ್ತರವಿದೆ. ‘ನಿನ್ನ ಬೀಟಿನಲ್ಲಿ ಮೊನ್ನೆಗಿಂತ ಏನು ಬದಲಾಗಿದೆ?’ ಎಂದು ಕೇಳಿ. ಮೊದಲ ವಾರ ಏನೂ ಹೇಳುವುದಿಲ್ಲ. ಆಮೇಲೆ ಹೇಳಲು ಏನಾದರೂ ಬೇಕೆಂದಾದರೂ ಕಣ್ಣು ತೆರೆದು ನಡೆಯುತ್ತಾನೆ.

ರೌಂಡ್ಸ್ ಅಧಿಕಾರಿ ಪ್ರತಿ ರಾತ್ರಿ ಒಂದೇ ಹೊತ್ತಿಗೆ ಬಂದರೆ ಆ ಹೊತ್ತಿಗೆ ಎಲ್ಲರೂ ಎಚ್ಚರವಾಗಿರುತ್ತಾರೆ. ಸಹಿಗಳ ವೇಳೆ ತೀರಾ ಅಚ್ಚುಕಟ್ಟಾಗಿದ್ದರೆ ನನಗೆ ಅನುಮಾನ. 12.00, 1.00, 2.00, 3.00 ಎಂದು ಗಡಿಯಾರ ಹೊಡೆದಂತೆ ಯಾರೂ ನಡೆಯುವುದಿಲ್ಲ; ಒಂದೇ ಕಡೆ ಕುಳಿತು ಬರೆದಾಗ ಮಾತ್ರ ಅಂಕಿಗಳು ಹಾಗೆ ಬರುತ್ತವೆ. ನಿಜವಾದ ಪರೀಕ್ಷೆ ಹಗಲು ಹೊತ್ತಿನದು. ಬೀಟಿನ ಯಾವುದಾದರೂ ಕಿರಾಣಿ ಅಂಗಡಿಗೆ ಹೋಗಿ, ಇಲ್ಲಿಗೆ ಬರುವ ಪೊಲೀಸರ ಹೆಸರೇನು ಎಂದು ಕೇಳಿ. ಅಂಗಡಿಯವನಿಗೆ ಹೆಸರು ಗೊತ್ತಿದ್ದರೆ ಗಸ್ತು ನಡೆದಿದೆ.

ಇಷ್ಟೆಲ್ಲ ಕೇಳುವ ಮೇಲಿನವನು ಒಂದನ್ನು ಕೊಡಬೇಕು ಕೂಡ: ನಿದ್ದೆ. ಡಿಸೆಂಬರ್ ನೋಡಿ. ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ ಅಧಿವೇಶನ, ಬಂದೋಬಸ್ತಿಗೆ ಸುತ್ತಲಿನ ಜಿಲ್ಲೆಗಳಿಂದ ಸಿಬ್ಬಂದಿ ಹೋಗುತ್ತಾರೆ. ಅದೇ ತಿಂಗಳು ಕಬ್ಬಿನ ಹಂಗಾಮು ಭರದಲ್ಲಿರುತ್ತದೆ. ಜನವರಿಗೆ ಬಾದಾಮಿಯ ಬನಶಂಕರಿ ಜಾತ್ರೆ, ರಾತ್ರಿಯಿಡೀ ನಾಟಕ, ಲಕ್ಷಗಟ್ಟಲೆ ಜನ. ಉಳಿದ ನಾಲ್ಕು ಜನರಿಗೆ ಹಗಲು ಬಂದೋಬಸ್ತು, ರಾತ್ರಿ ಬೀಟು. ಮೂರನೆಯ ರಾತ್ರಿ ಅವನು ಎಲ್ಲೋ ಕುಳಿತೇ ಸಹಿ ಹಾಕುತ್ತಾನೆ. ಅವನಿಗೆ ಮೆಮೊ ಕೊಡುವ ಮುಂಚೆ ಡ್ಯೂಟಿ ಪಟ್ಟಿ ಬರೆದವನು ಕನ್ನಡಿ ನೋಡಿಕೊಳ್ಳಬೇಕು. ಸಿಬ್ಬಂದಿ ಕಡಿಮೆ ಇದ್ದ ವಾರ ಎಲ್ಲ ಪಾಯಿಂಟುಗಳಿಗೂ ಓಡಿಸುವುದನ್ನು ಬಿಟ್ಟು, ಈ ವಾರ ಇಷ್ಟೇ ಜಾಗ ಎಂದು ಲಿಖಿತವಾಗಿ ತೀರ್ಮಾನಿಸಿ ತಾನೇ ಸಹಿ ಮಾಡುವ ಧೈರ್ಯ ಬೇಕು. ಆ ಧೈರ್ಯ ಇರುವವರು ವಿರಳ, ಏಕೆಂದರೆ ಬಿಟ್ಟ ಜಾಗದಲ್ಲೇ ಕಳ್ಳತನವಾದರೆ ಕೊರಳಿಗೆ ಬರುತ್ತದೆ.

ಹಿಂದಿನ ಸಾಲಿನ ಹಿರಿಯರು ಕೇಳುತ್ತಿದ್ದಾರೆ, ಜಾತ್ರೆಗೆ ಹೋಗುವಾಗ ನಾವೇನು ಮಾಡಬೇಕು ಎಂದು. ಠಾಣೆಗೆ ಅಥವಾ ನಿಮ್ಮ ಬೀಟಿನವರಿಗೆ ಹೇಳಿ ಹೋಗಿ. ಬೀಗ ಹಾಕಿದ ಮನೆಯನ್ನು ಕಳ್ಳ ಹಗಲಲ್ಲೇ ಗುರುತಿಸುತ್ತಾನೆ. ಅಂಗಳ ಗುಡಿಸಿಲ್ಲ, ರಂಗೋಲಿ ಇಲ್ಲ, ಎರಡು ದಿನದ ಪತ್ರಿಕೆ ಗೇಟಿನಲ್ಲಿ ಬಿದ್ದಿದೆ, ಮಧ್ಯಾಹ್ನವೂ ಹೊರಗಿನ ದೀಪ ಉರಿಯುತ್ತಿದೆ. ಪಕ್ಕದ ಮನೆಯವರಿಗೆ ಅಂಗಳ ಗುಡಿಸಲು ಹೇಳಿ, ಬಂದಾಗ ಅವರಿಗೆ ಜಾತ್ರೆಯ ಬೆಂಡು ಬೆತ್ತಾಸು ಕೊಡಿ. ಗುಡಿಯ ಮುಂದಿನ ಫೋಟೊವನ್ನು ಮರಳಿ ಬಂದ ಮೇಲೆ ಮೊಬೈಲ್ ಸ್ಟೇಟಸ್‌ಗೆ ಹಾಕಿಕೊಳ್ಳಿ.

ಒಬ್ಬ ವಿದ್ಯಾರ್ಥಿನಿಯ ಪ್ರಶ್ನೆ: ಗಸ್ತಿನವರು ತಡೆದು ಮೊಬೈಲ್ ತೆರೆದು ತೋರಿಸು ಎಂದರೆ ತೋರಿಸಬೇಕೇ? ದಾರಿಯಲ್ಲಿ ಹೋಗುವವರ ಸಂದೇಶ, ಫೋಟೊಗಳನ್ನು ಸುಮ್ಮನೆ ತೆಗೆದು ನೋಡುವ ಸಾಮಾನ್ಯ ಅಧಿಕಾರವನ್ನು ಯಾವ ಕಾನೂನೂ ಗಸ್ತಿನವರಿಗೆ ಕೊಟ್ಟಿಲ್ಲ. ಪ್ರಕರಣವೊಂದರಲ್ಲಿ ಶೋಧಿಸಿ ವಶಪಡಿಸಿಕೊಳ್ಳುವುದಾದರೆ ಅದನ್ನು ಧ್ವನಿ, ದೃಶ್ಯ ಸಹಿತ ಚಿತ್ರೀಕರಿಸಬೇಕೆಂದು ಸಂಹಿತೆಯ 105ನೆಯ ಕಲಮಿದೆ. ಹೆಸರು, ಎಲ್ಲಿಗೆ ಹೊರಟಿದ್ದೀರಿ ಎಂದು ಕೇಳಿದರೆ ಹೇಳಿ, ಕಾನೂನುಬದ್ಧ ಸೂಚನೆ ಪಾಲಿಸಬೇಕೆಂದು 172ನೆಯ ಕಲಮು ನಿಮಗೂ ಹೇಳಿದೆ. ಮೊಬೈಲ್ ಕೇಳಿದರೆ ಯಾವ ಪ್ರಕರಣ ಎಂದು ಮರ್ಯಾದೆಯಿಂದ ಕೇಳಿ, ಎದೆಯ ಮೇಲಿನ ಹೆಸರು ಓದಿಕೊಳ್ಳಿ, ವೇಳೆ ಬರೆದಿಟ್ಟುಕೊಳ್ಳಿ. ದೂರು ಇದ್ದರೆ ಪಿಎಸ್ಐಗೆ, ಅಲ್ಲಿ ಆಗದಿದ್ದರೆ ಎಸ್‌ಪಿ ಕಚೇರಿಗೆ, ಅದರ ಮೇಲೆ ಜಿಲ್ಲಾ ಪೊಲೀಸ್ ದೂರು ಪ್ರಾಧಿಕಾರಕ್ಕೆ ಕೊಡಬಹುದು.